ಸುರಪುರದ ಗುಡ್ಡದ ಬಂಗಲೆ



ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವು ಎಲ್ಲೆಲ್ಲಿ ಇರುವುದೋ ಅಲ್ಲಲ್ಲಿ ಒಂದು ದೆವ್ವದ ಕಥೆಯೂ ಹುಟ್ಟಿಕೊಳ್ಳುವುದು ವಾಡಿಕೆ. ಇದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ. ನಮ್ಮ ಕರಾವಳಿಯ ಕಾಪುವಿನಲ್ಲಿ, ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಮಳೆಗಾಲದ ಒಂದು ಸಂಜೆ ನೋಡಿದವರು ಇದರ ಕಾರಣವನ್ನು ತಾವೇ ಊಹಿಸಬಲ್ಲರು. ಒಂಟಿಯಾದ ಕಟ್ಟಡ, ಎಡೆಬಿಡದ ಗಾಳಿ, ಕೆಳಗೆ ಅಲೆಗಳ ಮೊರೆತ. ಇಷ್ಟು ಕೂಡಿದರೆ ಉಳಿದುದನ್ನು ನಮ್ಮ ಮನಸ್ಸೇ ಒದಗಿಸುವುದು.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಫ್ಲ್ಯಾನನ್ ದ್ವೀಪಗಳಲ್ಲಿ ಇಂತಹದೊಂದು ದೀಪಸ್ತಂಭವುಂಟು. 1900ನೆಯ ಇಸವಿ ಡಿಸೆಂಬರ್ 26ರಂದು ಸಾಮಾನು ತಂದ ಹಡಗಿನವರು ಅಲ್ಲಿ ಇಳಿದು ನೋಡಲು, ದೀಪವನ್ನು ಕಾಯುತ್ತಿದ್ದ ಮೂವರೂ ಕಾಣೆಯಾಗಿದ್ದರು. ಮೇಜಿನ ಮೇಲೆ ಅರ್ಧ ಉಂಡು ಬಿಟ್ಟ ಊಟ, ಪಕ್ಕದಲ್ಲಿ ಉರುಳಿಬಿದ್ದ ಕುರ್ಚಿ ಎಂದು ಜನರು ಇಂದಿಗೂ ಹೇಳುವರು. ಆದರೆ ಮೊದಲು ಒಳಹೊಕ್ಕು ನೋಡಿದವನ ವರದಿಯಲ್ಲಿ ಆ ಊಟವಿಲ್ಲ. ಅಡುಗೆಮನೆಯ ಪಾತ್ರೆಗಳು ತೊಳೆದು ಚೊಕ್ಕಟವಾಗಿದ್ದುವು. ಉಣ್ಣದ ಊಟವು ಬಂದುದು 1912ರಲ್ಲಿ ವಿಲ್ಫ್ರಿಡ್ ಗಿಬ್ಸನ್ ಎಂಬ ಕವಿ ಬರೆದ ಪದ್ಯದಿಂದ. ತನಿಖೆಗೆ ಬಂದ ಅಧಿಕಾರಿಯಾದರೋ ಹಡಗುಕಟ್ಟೆಯ ಕಡೆಗೆ ನಡೆದು ಹೋಗಿ ನೋಡಿದನು. ನೀರಿನಿಂದ ನೂರು ಅಡಿಗೂ ಮೇಲೆ ಇರಿಸಿದ್ದ ಹಗ್ಗದ ಪೆಟ್ಟಿಗೆಯನ್ನು ಸಹ ಅಲೆಗಳು ಒಡೆದು ಹಾಕಿದ್ದುವು. ಮೂವರನ್ನೂ ಸಮುದ್ರವು ಸೆಳೆದುಕೊಂಡಿತೆಂದು ಅವನು ತೀರ್ಮಾನಿಸಿದನು. ಪದ್ಯವು ನಮ್ಮ ಕಣ್ಣನ್ನು ಮೇಜಿನ ಮೇಲೆ ನಿಲ್ಲಿಸುವುದು. ನಡೆದ ಸಂಗತಿ ಕಟ್ಟೆಯ ಬಳಿಯಲ್ಲಿ ಇದ್ದಿತು. ಈ ಭೇದವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ನಾನೀಗ ಸಮುದ್ರದ ಸುಳಿವೇ ಇಲ್ಲದ ಒಂದು ನಾಡಿಗೆ ತಮ್ಮನ್ನು ಕರೆದೊಯ್ಯುವೆನು. ಅಲ್ಲಿಯೂ ಎತ್ತರದ ಮೇಲೆ ಒಂದು ಒಂಟಿ ಕಟ್ಟಡವಿದೆ. ಅದಕ್ಕೂ ಒಂದು ಕಥೆಯಿದೆ.

ಯಾದಗಿರಿಯ ರೈಲು ನಿಲ್ದಾಣದಲ್ಲಿ ಇಳಿದರೆ ಕೋಟೆಯನ್ನು ತಲೆಯ ಮೇಲೆ ಹೊತ್ತ ಗುಡ್ಡವು ಊರಿನ ನಡುವೆಯೇ ಕಾಣುವುದು. ಅಲ್ಲಿಂದ ಪಶ್ಚಿಮಕ್ಕೆ ಭೀಮೆಯನ್ನು ದಾಟಿ ಶಹಾಪುರಕ್ಕೆ ಹೋದರೆ, ದಾರಿಯ ಒಂದು ಕಡೆಯಿಂದ ನೋಡುವಾಗ, ಅಲ್ಲಿಯ ಬೆಟ್ಟಸಾಲು ಮಲಗಿದ ಮನುಷ್ಯನಂತೆ ತೋರುವುದು. ಹಣೆ, ಮೂಗು, ಎದೆ, ಎಲ್ಲವೂ ಸ್ಪಷ್ಟ. ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುವರು. ನಾಲ್ಕು ಹೆಜ್ಜೆ ಆಚೆಗೆ ನಡೆದರೆ ಬುದ್ಧನು ಮಾಯವಾಗಿ ಬರಿಯ ಬಂಡೆಗಳು ಉಳಿಯುವುವು. ನಿಂತ ಜಾಗವನ್ನು ಅನುಸರಿಸಿ ನೋಟವು ಬದಲಾಗುವುದೆಂಬ ಪಾಠವನ್ನು ಆ ಬೆಟ್ಟವು ದಾರಿಹೋಕರಿಗೆಲ್ಲ ಪುಕ್ಕಟೆಯಾಗಿ ಹೇಳಿಕೊಡುತ್ತಿದೆ.

ಇನ್ನೂ ಮುಂದೆ ನಡೆದರೆ ಸುರಪುರ. ಗುಡ್ಡಗಳ ನಡುವೆ ಅಡಗಿದ ಈ ಊರು ಬೇಡ ನಾಯಕರ ರಾಜಧಾನಿಯಾಗಿದ್ದಿತು. ಹತ್ತಿರದ ವಾಗಣಗೇರಾ ಕೋಟೆಯನ್ನು ಹಿಡಿಯಲು 1705ರಲ್ಲಿ ವೃದ್ಧನಾದ ಔರಂಗಜೇಬನು ತಾನೇ ಬಂದು ಕುಳಿತಿದ್ದನು. ಅದು ಅವನ ಕೊನೆಯ ದಂಡಯಾತ್ರೆ. ಸುರಪುರದ ಒಂದು ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹತ್ತಿದ್ದೆನು. ಹೊತ್ತು ಮುಳುಗುತ್ತಿದ್ದಿತು. ಕೆಳಗೆ ಊರಿನಲ್ಲಿ ಒಂದೊಂದಾಗಿ ದೀಪಗಳು ಹತ್ತತೊಡಗಿದ್ದುವು. ಆ ಕಡೆಯ ಹುಡುಗನೊಬ್ಬನು ನನ್ನ ಸಮೀಪಕ್ಕೆ ಬಂದು ಮೆಲ್ಲನೆ ಕೇಳಿದನು: “ಸರ, ಇಲ್ಲಿ ದೆವ್ವ ಐತಂತ್ರಿ, ಖರೇ ಏನ್ರಿ?”

ಆಗ ನಾನು ನಕ್ಕುಬಿಟ್ಟೆನು. ಮೇಷ್ಟರಾದವನು ಹಾಗೆ ನಗಬಾರದಾಗಿತ್ತು. ಇಂದಿನ ಈ ಭಾಷಣವು ಆ ಹುಡುಗನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಿರಿ.

ಈ ಬಂಗಲೆಯಲ್ಲಿದ್ದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿ ಮುಂಬಯಿಯ ಒಬ್ಬ ವರ್ತಕನ ಬಳಿಗೆ ಬಂದವನು. ಅಲ್ಲಿ ಕೈಗೂಡದೆ ನಿಜಾಮರ ಸೈನ್ಯವನ್ನು ಸೇರಿದನು. ಠಕ್ಕರ ವಿಷಯವಾಗಿ ಅವನು ಬರೆದ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತು. 1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಿದರು. ಅರಸು ಕೃಷ್ಣಪ್ಪ ನಾಯಕನು ತೀರಿಕೊಂಡಿದ್ದನು. ಮಗ ವೆಂಕಟಪ್ಪ ನಾಯಕನಿಗೆ ಏಳರ ಆಸುಪಾಸಿನ ವಯಸ್ಸು. ಸಂಸ್ಥಾನವು ಸಾಲದಲ್ಲಿ ಮುಳುಗಿದ್ದಿತು. ರಾಣಿ ಈಶ್ವರಮ್ಮನಿಗೂ ಮೈದುನ ಪಿಡ್ಡ ನಾಯಕನಿಗೂ ಅಧಿಕಾರಕ್ಕಾಗಿ ತಿಕ್ಕಾಟ ನಡೆದಿದ್ದಿತು. ಟೇಲರನು 1853ರವರೆಗೆ ಅಲ್ಲಿದ್ದು ಲೆಕ್ಕಪತ್ರಗಳನ್ನು ಸರಿಪಡಿಸಿದನು, ಬೋನಾಳದ ದೊಡ್ಡ ಕೆರೆಯನ್ನು ದುರಸ್ತು ಮಾಡಿಸಿದನು, ಹುಡುಗನಾದ ಅರಸನ ವಿದ್ಯಾಭ್ಯಾಸವನ್ನು ನೋಡಿಕೊಂಡನು. ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

ಈ ಟೇಲರನಿಗೆ ಇನ್ನೊಂದು ಹುಚ್ಚು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳೂ, ರಾಜನಕೋಳೂರಿನಲ್ಲಿ ಚಪ್ಪಡಿಗಳಿಂದ ಕಟ್ಟಿದ ಸಣ್ಣ ಸಣ್ಣ ಕಲ್ಮನೆಗಳೂ ಇವೆ. ಅವು ಹಿಂದಿನ ಕಾಲದ ಕುಳ್ಳರಾದ ಮೋರ್ಯರ ಮನೆಗಳೆಂದು ಹಳ್ಳಿಯವರ ನಂಬಿಕೆ. ಟೇಲರನು ಈ ಕಥೆಯನ್ನು ಗೌರವದಿಂದಲೇ ಕೇಳಿದನು. ಆದರೆ ಕೇಳಿ ಸುಮ್ಮನಾಗಲಿಲ್ಲ. ಸನಿಕೆ ಹಿಡಿಸಿದನು. ಜೇವರ್ಗಿಯ ಕಡೆಯ ಕಲ್ಗುಪ್ಪೆಗಳನ್ನು ಅಗೆಸಿ, ಒಳಗಿದ್ದ ಅಸ್ಥಿಪಂಜರಗಳನ್ನೂ ಮಡಕೆಗಳನ್ನೂ ಅಳತೆಯೊಡನೆ ವರ್ಣಿಸಿ ವಿದ್ವತ್ಸಭೆಗಳಿಗೆ ಲೇಖನ ಕಳುಹಿಸಿದನು. ಅವು ನಮ್ಮಂತಹ ಮನುಷ್ಯರ ಸಮಾಧಿಗಳು. ಕಥೆಯ ಕೆಳಗೆ ಮೂಳೆ ಇರುವುದೆಂದೂ, ಅಗೆದಲ್ಲದೆ ಅದು ಸಿಕ್ಕದೆಂದೂ ಅವನು ಬಲ್ಲವನಾಗಿದ್ದನು. ಮುಂದಿನ ಕಥೆಯನ್ನು ಕೇಳುವಾಗ ಇದು ನೆನಪಿರಲಿ.

1853ರಲ್ಲಿ ಅರಸನು ಪ್ರಾಪ್ತವಯಸ್ಕನಾದನು. ಟೇಲರನು ಬೇರೆ ಕೆಲಸಕ್ಕೆ ಹೊರಟುಹೋದನು. ನಾಲ್ಕು ವರ್ಷಗಳಲ್ಲಿ ಉತ್ತರದ ದಂಗೆಯ ಸುದ್ದಿ ದಕ್ಷಿಣಕ್ಕೂ ಹಬ್ಬಿತು. 1858ರ ಫೆಬ್ರವರಿ 8ರಂದು ಸುರಪುರದ ಹೊರಗೆ ಬೇಡರಿಗೂ ಇಂಗ್ಲಿಷರ ದಂಡಿಗೂ ಕಾಳಗವಾಯಿತು. ವೆಂಕಟಪ್ಪ ನಾಯಕನು ಕೆಲವೇ ಕುದುರೆಸವಾರರೊಡನೆ ಹೈದರಾಬಾದಿಗೆ ಹೋದನು, ಅಲ್ಲಿ ಸಿಕ್ಕಿಬಿದ್ದನು, ದಿವಾನ ಸಾಲಾರ್ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು.

ಸೆರೆಮನೆಯಲ್ಲಿ ಟೇಲರನು ಅವನನ್ನು ಕಂಡ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಹೇಳಿರುವನು. ಚಿತಾವಣೆ ಮಾಡಿದವರ ಹೆಸರು ಹೇಳಿದರೆ ಅನುಕೂಲವಾದೀತೆಂದು ಸೂಚಿಸಿದಾಗ ಅರಸನು ಒಪ್ಪಲಿಲ್ಲ. ಕಳ್ಳನಂತೆ ತನ್ನನ್ನು ನೇಣಿಗೆ ಹಾಕಬೇಡಿರೆಂದೂ, ಕೊಲ್ಲುವುದಾದರೆ ತೋಪಿನ ಬಾಯಿಗೆ ಕಟ್ಟಿರೆಂದೂ ಕೇಳಿಕೊಂಡನು. ಸೆರೆವಾಸವನ್ನು ಬೇಡರಲ್ಲಿ ಕಡೆಯವನೂ ಸಹಿಸಲಾರನು, ಅರಸನಾದ ತಾನು ಹೇಗೆ ಸಹಿಸಲೆಂದು ನುಡಿದನು. ಮೊದಲು ಮರಣದಂಡನೆಯಾಯಿತು, ಆ ಬಳಿಕ ಅದು ಜೀವಾವಧಿ ದೇಶಾಂತರವಾಸಕ್ಕೆ ಇಳಿಯಿತು, ಕೊನೆಗೆ ಗವರ್ನರ್ ಜನರಲನು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಇಳಿಸಿದನು. ನಡತೆ ಚೆನ್ನಾಗಿದ್ದರೆ ಸಂಸ್ಥಾನವು ಮರಳಿ ದೊರೆಯಬಹುದೆಂಬ ಆಸೆಯೂ ಉಳಿದಿದ್ದಿತು.

ಇಲ್ಲಿ ಕಥೆಯು ಇತಿಹಾಸದೊಳಕ್ಕೆ ಕಾಲಿಡುವುದು. ಹಿಂದೆ ಸುರಪುರದಲ್ಲಿದ್ದಾಗ ಅರಮನೆಯ ಶಾಸ್ತ್ರಿಯೊಬ್ಬನು ಟೇಲರನಿಗೆ ಒಂದು ಗುಟ್ಟನ್ನು ತಿಳಿಸಿದ್ದನಂತೆ. ಅರಸನ ಜಾತಕದ ಪ್ರಕಾರ ಅವನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣ. ಇದನ್ನು ಬಲ್ಲವರು ರಾಣಿ ಮತ್ತು ಒಬ್ಬಿಬ್ಬರು ಆಪ್ತರು ಮಾತ್ರ. 1858ರಲ್ಲಿ ಶಿಕ್ಷೆ ಇಳಿದ ವಾರ್ತೆ ಬಂದಾಗ, ನಿನ್ನ ಭವಿಷ್ಯವು ಸುಳ್ಳಾಯಿತೆಂದು ಟೇಲರನು ಶಾಸ್ತ್ರಿಗೆ ಸಂತೋಷದಿಂದ ಹೇಳಿದನು. ಶಾಸ್ತ್ರಿಯ ಮುಖವು ಅರಳಲಿಲ್ಲ. ಗಂಡಾಂತರವು ಇನ್ನೂ ಕಳೆದಿಲ್ಲವೆಂದನು. ಆ ಮೇಲೆ ಸುದ್ದಿ ಬಂದಿತು: ಚೆಂಗಲ್ಪಟ್ಟಿಗೆ ಹೊರಟ ಮೊದಲ ಮಜಲಿನಲ್ಲಿಯೇ, ಕಾವಲಿನ ಅಧಿಕಾರಿ ಕಳಚಿ ಕುರ್ಚಿಗೆ ತೂಗುಹಾಕಿದ್ದ ಪಿಸ್ತೂಲಿನಿಂದ ಅರಸನು ಸತ್ತನು. ಅವನಿಗೆ ಇಪ್ಪತ್ತನಾಲ್ಕು ನಡೆದಿದ್ದಿತು.

ಕೇಳಿದವರ ಮೈ ಜುಮ್ಮೆನ್ನುವುದು ನಿಜ. ನನಗೂ ಹಾಗೆಯೇ ಆಯಿತು. ಗುಡ್ಡದ ಮೇಲಣ ಒಂಟಿ ಬಂಗಲೆಗೆ ದೆವ್ವದ ಮಾತು ಅಂಟಿಕೊಂಡರೆ ಅದಕ್ಕೆ ಇಷ್ಟು ಸಾಲದೇ?

ಆದರೆ ಹಗಲು ಹೊತ್ತಿನಲ್ಲಿ ಕುಳಿತು ಯೋಚಿಸೋಣ. ಈ ವೃತ್ತಾಂತವು ಅಚ್ಚಾದುದು 1877ರಲ್ಲಿ. ಅರಸನು ಸತ್ತು 19 ವರ್ಷಗಳು ಕಳೆದಿದ್ದುವು. ಬರೆದ ಟೇಲರನೂ ಹಿಂದಿನ ವರ್ಷ ತೀರಿಕೊಂಡಿದ್ದನು. ಜಾತಕವನ್ನು ಮುಂದಿಟ್ಟುಕೊಂಡು ಪರೀಕ್ಷಿಸುವ ಅವಕಾಶ ನಮಗಿಲ್ಲ. ಹೋಗಲಿ, ಶಾಸ್ತ್ರಿಯ ಮಾತನ್ನು ಅಕ್ಷರಶಃ ಒಪ್ಪಿಕೊಳ್ಳೋಣ. ಒಪ್ಪಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುವುವು. ಸೆರೆಯಾಳಿನ ಕೈಗೆ ಎಟುಕುವಂತೆ ತುಂಬಿದ ಪಿಸ್ತೂಲನ್ನು ಕುರ್ಚಿಗೆ ತೂಗುಹಾಕಿದವರು ಯಾರು? ಶನಿಯಲ್ಲ, ರಾಹುವಲ್ಲ, ಒಬ್ಬ ಅಧಿಕಾರಿ. ಸೆರೆಗಿಂತ ಸಾವು ಮೇಲೆಂದು ಬಾಯಿಬಿಟ್ಟು ಹೇಳಿದ ತರುಣನನ್ನು ಕಾಯುವ ರೀತಿಯೇ ಅದು? ಅರಸನು ತಾನಾಗಿ ಸತ್ತನೆಂಬ ಮಾತನ್ನೇ ನಂಬದವರು ಸುರಪುರದ ಕಡೆಯಲ್ಲಿ ಹಲವರಿರುವರು. ಇನ್ನು ಅವನ ಸಾವಿನಿಂದ ಲಾಭ ಪಡೆದವರು ಯಾರೆಂದು ಕೇಳಿದರೆ, ಉತ್ತರಕ್ಕೆ ಪಂಚಾಂಗವೇ ಬೇಕಾಗಿಲ್ಲ. ಇಂಗ್ಲಿಷರು ಸುರಪುರವನ್ನು ವಶಪಡಿಸಿಕೊಂಡರು. 1860ರಲ್ಲಿ, ದಂಗೆಯ ಕಾಲದ ನಿಷ್ಠೆಗೆ ಮೆಚ್ಚಿ, ಅದನ್ನು ನಿಜಾಮರಿಗೆ ಕೊಟ್ಟರು. ನಾಯಕರ ಸಂಸ್ಥಾನವು ಅಲ್ಲಿಗೆ ಮುಗಿಯಿತು.

ಭವಿಷ್ಯವಾಣಿಯ ಕಥೆಯು ಈ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ ಕೊಡುವುದು: ವಿಧಿ. ವಿಧಿಯೆಂದ ಕೂಡಲೆ ಅಧಿಕಾರಿಯ ಅಜಾಗ್ರತೆ ಅಳಿಸಿಹೋಗುವುದು. ಸರಕಾರದ ಲೆಕ್ಕಾಚಾರ ಮರೆಯಾಗುವುದು. ಫ್ಲ್ಯಾನನ್ ದ್ವೀಪದ ಉಣ್ಣದ ಊಟದಂತೆ ಇದೂ ನಮ್ಮ ಕಣ್ಣನ್ನು ಕಟ್ಟೆಯಿಂದ ಮೇಜಿನ ಕಡೆಗೆ ತಿರುಗಿಸುವುದು.

ಹಾಗಾದರೆ, ಕುಳ್ಳರ ಕಥೆಯನ್ನು ಕೇಳಿ ಸನಿಕೆ ತರಿಸಿದ ಟೇಲರನು ಈ ಕಥೆಯ ಮುಂದೆ ಏಕೆ ಕೈಕಟ್ಟಿ ನಿಂತನು? ಬಹುದಿನ ಇದು ನನ್ನನ್ನು ಕಾಡಿದ ಪ್ರಶ್ನೆ. ಅವನು ಮೋಸಗಾರನೆಂದು ನನಗೆ ತೋರುವುದಿಲ್ಲ. ಜೇವರ್ಗಿಯ ಮೂಳೆಗಳು ಯಾರೋ ಪರಕೀಯರವು. ಇಲ್ಲಿಯ ಮೂಳೆಯು ತನ್ನನ್ನು ಅಪ್ಪಾ ಎಂದು ಕರೆದ ಹುಡುಗನದು. ಹನ್ನೆರಡು ವರ್ಷ ಬೆಳೆಸಿದೆನು, ನಡುವೆ ಬಿಟ್ಟುಹೋದೆನು, ಅವನನ್ನು ಸೆರೆಗೆ ಹಾಕಿದ ಸರಕಾರದ ಅನ್ನವನ್ನೇ ಉಂಡೆನು ಎಂಬ ಯೋಚನೆಯೊಡನೆ ರಾತ್ರಿಗಳನ್ನು ಕಳೆಯುವವನಿಗೆ, ಇದು ಮೊದಲೇ ಬರೆದಿಟ್ಟಿದ್ದಿತು, ಯಾರಿಂದಲೂ ತಪ್ಪಿಸಲಾಗುತ್ತಿರಲಿಲ್ಲ ಎಂಬ ಮಾತಿಗಿಂತ ದೊಡ್ಡ ಸಮಾಧಾನ ಯಾವುದು? ಆ ಜಾಗವನ್ನು ಅಗೆಯಲು ಅವನ ಕೈ ಬರಲಿಲ್ಲ. ಅವನಿಗಾಗಿ ನಾನು ಮರುಗುವೆನು. ಆದರೆ ಅವನ ಸಮಾಧಾನವನ್ನು ನಮ್ಮ ಇತಿಹಾಸವೆಂದು ನಾವು ತೆಗೆದುಕೊಳ್ಳಬೇಕಾಗಿಲ್ಲ.

ಮಹಾಶಯರೇ, ದೆವ್ವದ ಕಥೆಗಳನ್ನು ಹೇಳಬೇಡಿರೆಂದು ನಾನು ಹೇಳುವವನಲ್ಲ. ಎಷ್ಟೋ ವೇಳೆ ಅವೇ ನಮಗೆ ಗುರುತು ತೋರುವ ದೀಪಗಳು. ಕಥೆ ಇಲ್ಲದಿದ್ದರೆ ಆ ಹುಡುಗನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಆದರೆ ದೀಪಸ್ತಂಭವಿರುವುದು ಇಲ್ಲಿ ಬಂಡೆಯಿದೆಯೆಂದು ನಾವಿಕನಿಗೆ ತಿಳಿಸುವುದಕ್ಕೆ. ದೀಪವನ್ನೇ ನೋಡುತ್ತ ಬಂಡೆಯನ್ನು ಮರೆತವನ ಹಡಗು ಒಡೆಯದೆ ಇರದು.

ಆ ಸಂಜೆ ನಾನು ಹೇಳಬೇಕಾಗಿದ್ದ ಉತ್ತರವಿಷ್ಟು: ಮಗು, ಈ ಬಂಗಲೆಯಲ್ಲಿ ದೆವ್ವವಿಲ್ಲ. ನಿನ್ನ ನಾಡಿನ ಇಪ್ಪತ್ತನಾಲ್ಕು ವರ್ಷದ ಅರಸನೊಬ್ಬನು ಹೇಗೆ ಸತ್ತನೆಂಬ ಪ್ರಶ್ನೆಯಿದೆ. ಅದಕ್ಕೆ ಹೆದರಬೇಡ, ಅದನ್ನು ಬಿಡಲೂ ಬೇಡ.