ಹಲವರು ಬರೆಯುವ ಪುಸ್ತಕಕ್ಕೆ ಕ್ಲೋಸಿಂಗ್ ದಿನ

ಕಂಪ್ಯೂಟರ್ ಪ್ರೋಗ್ರಾಮು ಬರೆಯುವವರ ವಿಷಯ ಕೌತಾಳಂನ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತನಿಗೆ ಯಾಕೆ ಬೇಕು ಎಂದು ತಾವು ಕೇಳಬಹುದು. ನಾನು ಓದಿದ್ದು ಮೆಟ್ರಿಕ್ಕು. ಆದರೆ ಹಲವರು ಸೇರಿ ಒಂದೇ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಮೂವತ್ತು ವರ್ಷಕ್ಕೂ ಮೇಲೆ ಮಾಡಿದವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗ ತನ್ನ ಕೆಲಸದ ರೀತಿಯನ್ನು ವಿವರಿಸಿದಾಗ ಅದರಲ್ಲಿ ಮುಕ್ಕಾಲು ಪಾಲು ನನಗೆ ಹೊಸದೆನಿಸಲಿಲ್ಲ. ಉಳಿದ ಕಾಲು ಪಾಲಿನಲ್ಲಿ ನಮ್ಮ ಕನ್ನಡದ ಪ್ರಶ್ನೆ ಅಡಗಿದೆ. ಈ ಮಾತು ಅದಕ್ಕಾಗಿ.

ಹಳೆಯ ಲೆಡ್ಜರುಗಳನ್ನು ತಾವು ಕೌಂಟರಿನ ಆಚೆಯಿಂದ ನೋಡಿದ್ದೀರಿ. ವೋಚರು ಬಂದರೆ ಗುಮಾಸ್ತ ಪೋಸ್ಟಿಂಗ್ ಮಾಡುತ್ತಿದ್ದ, ಆಫೀಸರು ನೋಡಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಿದ್ದರು. ಅಂಕಿ ತಪ್ಪಿದರೆ ಕೆರೆದು ಅಳಿಸುವಂತಿರಲಿಲ್ಲ. ಗೆರೆ ಹೊಡೆದು, ಮೇಲೆ ಸರಿಯಾದ ಅಂಕಿ ಬರೆದು, ಮತ್ತೆ ಸಹಿ ಮಾಡಿಸಬೇಕು. ಯಾರು, ಯಾವತ್ತು, ಏನು ಬದಲಿಸಿದರು ಎಂಬುದು ಹತ್ತು ವರ್ಷದ ಮೇಲೂ ಕಣ್ಣಿಗೆ ಕಾಣುತ್ತಿತ್ತು. ಒಂದು ಲೆಡ್ಜರು ಒಂದು ಹೊತ್ತಿಗೆ ಒಬ್ಬರ ಮೇಜಿನ ಮೇಲೆ ಮಾತ್ರ ಇರುತ್ತಿತ್ತು, ಆದ್ದರಿಂದ ಜಗಳ ಕಡಿಮೆ.

ಈಗಿನ ಪ್ರೋಗ್ರಾಮುಗಳನ್ನು ಬರೆಯುವವರು ಸಾವಿರಾರು ಜನ, ಬೇರೆ ಬೇರೆ ದೇಶದವರು. ಅವರೆಲ್ಲ ಬರೆದದ್ದು ಬಂದು ಸೇರುವ ಸಾಮಾನ್ಯ ಭಂಡಾರಕ್ಕೆ ರೆಪಾಸಿಟರಿ ಎನ್ನುತ್ತಾರೆ. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬಾತ 1991ರಲ್ಲಿ ಲಿನಕ್ಸ್ ಆರಂಭಿಸಿದ. ಅದನ್ನು ಬರೆಯುವವರ ಕೆಲಸದ ಲೆಕ್ಕ ಇಡಲೆಂದೇ 2005ರ ಏಪ್ರಿಲ್‌ನಲ್ಲಿ ಗಿಟ್ ಎಂಬ ಇನ್ನೊಂದು ಪ್ರೋಗ್ರಾಮನ್ನೂ ಬರೆದ. ಇದರಲ್ಲಿ ಪ್ರತಿಯೊಬ್ಬನ ಬಳಿಯೂ ಇಡೀ ಲೆಡ್ಜರಿನ ನಕಲು ಇರುತ್ತದೆ. ತಿದ್ದಿದ್ದಕ್ಕೆಲ್ಲ ಹೆಸರು, ತಾರೀಖು, ಕಾರಣ ಅಂಟಿಕೊಂಡಿರುತ್ತದೆ. ಇಬ್ಬರು ಒಂದೇ ಸಾಲನ್ನು ಎರಡು ರೀತಿ ತಿದ್ದಿದರೆ ಯಂತ್ರ ತಾನಾಗಿ ತೀರ್ಪು ಕೊಡುವುದಿಲ್ಲ. ಇಲ್ಲಿ ತಕರಾರಿದೆ, ನೀವೇ ನೋಡಿ ಎಂದು ಮನುಷ್ಯರ ಮುಂದೆ ಇಡುತ್ತದೆ. ಇದು ನನಗೆ ಬಹಳ ಹಿಡಿಸಿತು.

ಇನ್ನು ಬಿಡುಗಡೆಯ ಮಾತು. ಸಾವಿರ ಕೈಗಳು ಬರೆಯುತ್ತಲೇ ಇದ್ದರೆ ಪುಸ್ತಕ ಜನರ ಕೈಗೆ ಹೋಗುವುದು ಯಾವಾಗ? ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು. ಲಿನಕ್ಸಿನವರು ಸುಮಾರು ಎರಡು ವಾರ ಹೊಸ ಬರಹವನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಾರೆ. ಆಮೇಲೆ ಬಾಗಿಲು ಮುಚ್ಚಿ, ತಪ್ಪು ತಿದ್ದುವುದನ್ನು ಮಾತ್ರ ಸ್ವೀಕರಿಸುತ್ತಾರೆ. ವಾರಕ್ಕೊಂದರಂತೆ ಏಳೆಂಟು ಪರೀಕ್ಷಾ ಪ್ರತಿಗಳು ಹೊರಬಂದ ಮೇಲೆಯೇ ನಿಜವಾದ ಬಿಡುಗಡೆ. ಹೀಗೆ ಬಾಗಿಲು ಮುಚ್ಚುವುದಕ್ಕೆ ಆ ವಲಯದಲ್ಲಿ ಫ್ರೀಜ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಮಾರ್ಚ್ 31ರ ಕ್ಲೋಸಿಂಗ್. ಸಂಜೆ ಎಲ್ಲ ಟ್ಯಾಲಿ ಆಗಿ, ಲೆಡ್ಜರು ಮುಚ್ಚಿ, ಚಹಾ ತರಿಸಿಕೊಂಡ ಹೊತ್ತಿಗೆ ಒಬ್ಬರು ನಗುತ್ತಾ ಇನ್ನೊಂದು ವೋಚರು ತಂದಿಡುತ್ತಾರೆ. ಮದುವೆ ಕಾರ್ಡು ಆದೋನಿಯ ಪ್ರೆಸ್ಸಿನಲ್ಲಿ ಅಚ್ಚಿಗೆ ಹೋದ ಮೇಲೆ ಸೋದರಮಾವನ ಹೆಸರು ಬಿಟ್ಟಿದೆ ಎಂದು ನೆನಪಾದಂತೆ. ಹೆಸರು ಸೇರಿಸಬೇಕಾದ್ದೇ, ಆದರೆ ಸೇರಿಸುವಾಗ ಮುಹೂರ್ತದ ಸಾಲು ಕೆಳಗೆ ಜಾರಿದರೆ ಗೊತ್ತಾಗುವುದು ಕಾರ್ಡು ಹಂಚಿದ ಮೇಲೆ.

ಹಾಗೆ ಜಾರಿದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಂಕಿನದೇ ಉದಾಹರಣೆ ಇದೆ. 2012ರ ಜೂನ್‌ನಲ್ಲಿ ಇಂಗ್ಲೆಂಡಿನ ಕಡೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್‌ನವರು, ರಾತ್ರಿಯ ಲೆಕ್ಕಗಳನ್ನು ಸರದಿಯಂತೆ ನಡೆಸುವ ತಂತ್ರಾಂಶವನ್ನು ಹೊಸದಾಗಿಸಿದರು. ತೊಂದರೆ ಕಂಡಿತು. ಹಿಂದಿನದಕ್ಕೇ ಮರಳೋಣ ಎಂದು ಹಿಂದೆಗೆದುಕೊಂಡರು. ಹಾಗೆ ಮರಳಿದರೆ ಏನಾಗುತ್ತದೆ ಎಂದು ಮೊದಲೇ ಪರೀಕ್ಷಿಸಿರಲಿಲ್ಲ; ಹಳೆಯದೂ ಹೊಸದೂ ಹೊಂದಿಕೊಳ್ಳಲಿಲ್ಲ. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಬಿಸಿ ತಟ್ಟಿತು. ಅದೇ ಗುಂಪಿನ ಅಲ್ಸ್ಟರ್ ಬ್ಯಾಂಕಿನ ಗ್ರಾಹಕರು ವಾರಗಟ್ಟಲೆ ಪರದಾಡಿದರು. 2014ರಲ್ಲಿ ಬ್ಯಾಂಕಿಗೆ 5 ಕೋಟಿ 60 ಲಕ್ಷ ಪೌಂಡ್ ದಂಡ ಬಿತ್ತು. ಮುಂದಕ್ಕೆ ಹೋಗುವ ದಾರಿಯನ್ನು ಎಲ್ಲರೂ ನೋಡಿಕೊಳ್ಳುತ್ತಾರೆ, ಹಿಂದಕ್ಕೆ ಬರುವ ದಾರಿಯನ್ನು ನೋಡಿಕೊಳ್ಳುವವರು ಕಡಿಮೆ.

ಹಾಗಾದರೆ ಬಾಗಿಲು ಮುಚ್ಚಿದಾಗ ಉಳಿದವರು ಕೈಕಟ್ಟಿ ಕೂರಬೇಕೆ? ಬೇಡ. ಬಿಡುಗಡೆಗೆಂದು ಪುಸ್ತಕದ ಒಂದು ಪ್ರತಿಯನ್ನು ಬೇರೆ ತೆಗೆದಿಟ್ಟು, ಮೂಲದಲ್ಲಿ ಕೆಲಸ ಮುಂದುವರಿಸುತ್ತಾರೆ. ಆ ಪ್ರತಿಗೆ ಬ್ರಾಂಚ್ ಎಂದೇ ಹೆಸರು. ನಮ್ಮ ಬ್ಯಾಂಕಿಗೂ ಬ್ರಾಂಚು, ಅವರ ಪುಸ್ತಕಕ್ಕೂ ಬ್ರಾಂಚು! ಕಷ್ಟ ಏನೆಂದರೆ ಬಿಡುಗಡೆಯ ಪ್ರತಿಯಲ್ಲಿ ತಿದ್ದಿದ ತಪ್ಪನ್ನು ಮೂಲಕ್ಕೂ ಒಯ್ಯಬೇಕು. ಮರೆತರೆ ಮುಂದಿನ ಬಿಡುಗಡೆಯಲ್ಲಿ ಅದೇ ತಪ್ಪು ಮತ್ತೆ ಎದ್ದು ಬರುತ್ತದೆ. ಬ್ಯಾಂಕಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಆಡಿಟರು ಕುಳಿತು ಹೋದ ವರ್ಷದ ಲೆಕ್ಕ ನೋಡುತ್ತಾರೆ, ಮೆಮೊರ್ಯಾಂಡಮ್ ಆಫ್ ಚೇಂಜಸ್ ಎಂಬ ಹಾಳೆ ಕೊಡುತ್ತಾರೆ. ಅಷ್ಟರಲ್ಲಿ ಹೊಸ ವರ್ಷದ ಪುಸ್ತಕ ಓಡುತ್ತಿರುತ್ತದೆ. ಆ ಹಾಳೆಯ ಬದಲಾವಣೆ ಹಳೆಯ ಲೆಕ್ಕಕ್ಕೂ ಸೇರಬೇಕು, ಹೊಸ ಪುಸ್ತಕದಲ್ಲೂ ಎಂಟ್ರಿಯಾಗಬೇಕು.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಗ್ನೋಮ್ ಎಂಬುದು ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳನ್ನೆಲ್ಲ ಒದಗಿಸುವ ಉಚಿತ ತಂತ್ರಾಂಶ. 1997ರಲ್ಲಿ ಶುರುವಾದದ್ದು, ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಸ್ವಯಂಸೇವಕರು ಇದನ್ನು ಕನ್ನಡಕ್ಕೂ ತಂದಿದ್ದಾರೆ. ತರುವ ರೀತಿ ಸರಳ. ಒಂದು ಕಡತದಲ್ಲಿ ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ಅದರ ಕನ್ನಡ. ಪ್ರೋಗ್ರಾಮು ನಡೆಯುವಾಗ ಇಂಗ್ಲಿಷ್ ವಾಕ್ಯವನ್ನು ಆ ಪಟ್ಟಿಯಲ್ಲಿ ಹುಡುಕಿ, ಸಿಕ್ಕಿದರೆ ಕನ್ನಡ ತೋರಿಸುತ್ತದೆ.

ಇಲ್ಲಿಯೇ ಪೇಚು. ಹುಡುಕುವುದು ಅಕ್ಷರಕ್ಕೆ ಅಕ್ಷರ. ಬಿಡುಗಡೆಯ ಹಿಂದಿನ ರಾತ್ರಿ ಅಮೆರಿಕದಲ್ಲೋ ಜರ್ಮನಿಯಲ್ಲೋ ಕುಳಿತ ಒಬ್ಬ ಒಳ್ಳೆಯ ಹುಡುಗ, ಇಂಗ್ಲಿಷ್ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಸೇರಿಸಿದ ಎನ್ನಿ. ಅರ್ಥ ಬದಲಾಗಿಲ್ಲ, ಇಂಗ್ಲಿಷ್ ಸ್ವಚ್ಛವಾಯಿತು. ಆದರೆ ಕನ್ನಡದ ಕಡತದಲ್ಲಿರುವುದು ಅಲ್ಪವಿರಾಮ ಇಲ್ಲದ ವಾಕ್ಯ. ಎರಡೂ ಹೊಂದುವುದಿಲ್ಲ. ಯಂತ್ರ ಹಳೆಯ ಕನ್ನಡವನ್ನು ಎಸೆಯುವುದಿಲ್ಲ, ಪಕ್ಕದಲ್ಲಿ ಫಜ್ಜಿ, ಅಂದರೆ ಮಸುಕು ಎಂದು ಗುರುತು ಹಾಕಿ ಇಡುತ್ತದೆ. ಮಸುಕಾದದ್ದನ್ನು ಪರದೆಗೆ ಬಿಡುವುದಿಲ್ಲ. ಬೆಳಗಾದರೆ ಆ ಸಾಲು ಕನ್ನಡದ ನಡುವೆ ಇಂಗ್ಲಿಷಿನಲ್ಲಿ ನಿಂತಿರುತ್ತದೆ. ಕಷ್ಟಪಟ್ಟು ಅನುವಾದ ಮಾಡಿದವನಿಗೆ ಸುದ್ದಿಯೂ ಇಲ್ಲ. ಓದುವವನು ಮಾತ್ರ, ನೋಡಿ, ಕನ್ನಡ ಅರ್ಧಂಬರ್ಧ, ಇದಕ್ಕಿಂತ ಇಂಗ್ಲಿಷೇ ವಾಸಿ ಎಂದುಕೊಳ್ಳುತ್ತಾನೆ. ಈ ಮಾತನ್ನು ನಾವು ಗಡಿಯವರು ಎಷ್ಟು ಸಲ ಕೇಳಿಲ್ಲ!

ಇದಕ್ಕಾಗಿ ಗ್ನೋಮ್‌ನವರು ಒಂದು ಕಟ್ಟು ಮಾಡಿಕೊಂಡಿದ್ದಾರೆ. ಬಿಡುಗಡೆಗೆ ಕೆಲವು ವಾರ ಮೊದಲೇ ವಾಕ್ಯಗಳಿಗೆ ಫ್ರೀಜ್. ಒಳಗಿನ ಕೋಡಿನ ತಪ್ಪನ್ನು ಇನ್ನೂ ತಿದ್ದಬಹುದು, ಪರದೆಯ ಮೇಲೆ ಕಾಣುವ ವಾಕ್ಯ ಮುಟ್ಟುವಂತಿಲ್ಲ. ಮುಟ್ಟಲೇಬೇಕಾದರೆ ಅನುವಾದಗಳ ಉಸ್ತುವಾರಿ ಹೊತ್ತವರ ಅನುಮತಿ ಕೇಳಬೇಕು. ವಾಕ್ಯ ಓದಿದವನು ದಾರಿ ತಪ್ಪಿ ತನ್ನ ಕಡತವನ್ನೇ ಕಳೆದುಕೊಳ್ಳುವಂತಿದ್ದರೆ ಅನುಮತಿ ಕೊಡುವುದು ನ್ಯಾಯ. ಬರೀ ಅಲ್ಪವಿರಾಮಕ್ಕಾದರೆ ಮುಂದಿನ ಆವೃತ್ತಿಗೆ ನೋಡೋಣ ಎನ್ನಬಹುದು. ಬೇಡ ಎನ್ನುವುದಕ್ಕಿಂತ, ಕೇಳಬೇಕು ಎಂಬುದೇ ಇದರಲ್ಲಿ ದೊಡ್ಡದು ಎಂದು ನನಗನಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನು ಒಂದು ಘಳಿಗೆ ನಿಂತು, ನನ್ನ ಈ ಒಂದು ಚುಕ್ಕೆಯಿಂದ ಹತ್ತಾರು ಭಾಷೆಯವರಿಗೆ ಏನಾಗುತ್ತದೆ ಎಂದು ವಿಚಾರಿಸಬೇಕಾಗುತ್ತದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಅಂದಿನಿಂದ ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕಿದ್ದೇವೆ. ಅದರಲ್ಲಿ ನನಗೆ ಕಹಿ ಏನೂ ಇಲ್ಲ, ಎರಡು ಭಾಷೆ ಬಂದವನಿಗೆ ಎರಡು ಕಡೆಯೂ ನೆಂಟರು. ಆದರೆ ಫಾರಂ ಬದಲಾದಾಗ, ಬೋರ್ಡು ಬದಲಾದಾಗ, ಮೆಷಿನ್ನಿನ ಪರದೆ ಬದಲಾದಾಗ, ನಿಮ್ಮ ಕನ್ನಡದ ಸಾಲು ಇನ್ನೂ ಹೊಂದುತ್ತದೆಯೇ ಎಂದು ಕೇಳುವ ಪದ್ಧತಿ ನಾನು ಹೆಚ್ಚು ಕಂಡಿಲ್ಲ. ಹಣವಿಲ್ಲದೆ, ಮುಖ ಪರಿಚಯವಿಲ್ಲದೆ ಕೆಲಸ ಮಾಡುವ ಜನ ಅಂಥದೊಂದು ನಿಯಮ ಬರೆದಿಟ್ಟುಕೊಂಡಿದ್ದಾರೆ ಎಂದು ಕೇಳಿ ಸಂತೋಷವಾಯಿತು.

ನಿಯಮ ಇದ್ದರೆ ಸಾಲದು ಎಂಬುದೂ ನಿಜ. ಮೇಲಿನವರು ವಾಕ್ಯ ಬದಲಿಸದೆ ಕಾದರೂ, ಆ ವಾರಗಳಲ್ಲಿ ಕುಳಿತು ಕನ್ನಡ ತುಂಬುವವರು ಬೇಕಲ್ಲ. ಗ್ನೋಮ್ ಬಿಡುಗಡೆಯ ಪ್ರಕಟಣೆಗಳಲ್ಲಿ, ವಾಕ್ಯಗಳ ಶೇಕಡಾ 80ರಷ್ಟಾದರೂ ಅನುವಾದವಾದ ಭಾಷೆಗಳ ಪಟ್ಟಿ ಬರುತ್ತಿತ್ತು. ಆರು ತಿಂಗಳಿಗೊಮ್ಮೆ ಹೊಸ ವಾಕ್ಯ ಸೇರುವುದರಿಂದ ಒಮ್ಮೆ ಮುಗಿಸಿದ ಅನುವಾದ ಮುಗಿದಂತಲ್ಲ. ಬಿಟ್ಟರೆ ಬಾವಿಯ ನೀರಿನಂತೆ ಮಟ್ಟ ಇಳಿಯುತ್ತದೆ. ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ, ಈಗ ಆದೋನಿ, ಬಳ್ಳಾರಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿರುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತಾರೆ. ಒಂದು ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಅವರಿಗೆ ಬಾಲ್ಯದಿಂದ ಬಂದದ್ದು. ಸೆಪ್ಟೆಂಬರ್ ಆವೃತ್ತಿಯ ಸಿದ್ಧತೆ ಆಗಸ್ಟ್‌ನಲ್ಲಿ, ಹೆಚ್ಚು ಕಡಿಮೆ ಶ್ರಾವಣದಲ್ಲಿ. ಉರುಕುಂದ ಈರಣ್ಣಸ್ವಾಮಿಯ ದರ್ಶನಕ್ಕೆ ಊರಿಗೆ ಬಂದಾಗ ಒಂದು ಸಂಜೆ ಬಿಡುವು ಮಾಡಿಕೊಂಡು, ಹತ್ತು ಮಸುಕು ಸಾಲುಗಳನ್ನು ನೋಡಿ ಸರಿಪಡಿಸಿದರೂ ಆಯಿತು.