ಫ್ಲ್ಯಾಪ್‌ನ ರಕ್ತ ಮತ್ತು ಅರಿವಳಿಕೆಯವರ ಹೊಣೆ



ಸರ್ಜನ್ನರೊಬ್ಬರ ಹೆಸರಿನಲ್ಲಿರುವ ದತ್ತಿ ಉಪನ್ಯಾಸಕ್ಕೆ ಅರಿವಳಿಕೆ ವೈದ್ಯನನ್ನು ಕರೆದಿದ್ದೀರಿ. ಇದನ್ನು ನಮ್ಮ ಇಡೀ ವಿಭಾಗಕ್ಕೆ ಸಂದ ಗೌರವವೆಂದು ತಿಳಿದು ನಿಂತಿದ್ದೇನೆ. ದತ್ತಿ ಯಾರ ಹೆಸರಿನಲ್ಲಿದೆಯೋ ಆ ನಮ್ಮ ಗುರುಗಳು ಪ್ಲಾಸ್ಟಿಕ್ ಸರ್ಜರಿಯ ಪಾಠವನ್ನು ಟಿಪ್ಪುವಿನ ಕಾಲದ ಯುದ್ಧದಿಂದಲೇ ಶುರು ಮಾಡುತ್ತಿದ್ದರು. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಸೆರೆಸಿಕ್ಕು ಮೂಗು ಕಳೆದುಕೊಂಡದ್ದು, ಆಮೇಲೆ ಹಣೆಯ ಚರ್ಮ ತಿರುಗಿಸಿ ಅವನಿಗೆ ಮೂಗು ಕಟ್ಟಿದ್ದು, 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಆ ಸುದ್ದಿ ಅಚ್ಚಾದದ್ದು. ಅವತ್ತು ಹಣೆಯ ಚರ್ಮದ ಬುಡ ಕಡಿದಿರಲಿಲ್ಲ, ರಕ್ತ ತನ್ನ ಹಳೆಯ ದಾರಿಯಲ್ಲೇ ಬರುತ್ತಿತ್ತು. ಬುಡವನ್ನೂ ಕಡಿದು ಬೇರೆಡೆಗೆ ಒಯ್ಯುವ ಫ್ರೀ ಫ್ಲ್ಯಾಪ್ ಇಂದಿನ ವಿಷಯ.

ಸೂಕ್ಷ್ಮದರ್ಶಕದಡಿ ಸಣ್ಣ ರಕ್ತನಾಳ ಹೊಲಿಯಬಹುದೆಂದು 1960ರಲ್ಲಿ ಜೇಕಬ್‌ಸನ್ ತೋರಿಸಿದ್ದು, 1973ರಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿನ ಚರ್ಮವನ್ನು ಕಾಲಿಗೆ ಸಾಗಿಸಿದ್ದನ್ನು ವರದಿ ಮಾಡಿದ್ದು ಎಲ್ಲ ಪಠ್ಯಗಳಲ್ಲೂ ಇವೆ. ರೋಗಿಯ ಮೈ ಬೆಚ್ಚಗಿರಲಿ, ಇಂಗಾಲದ ಡೈಆಕ್ಸೈಡ್ ತೀರಾ ಇಳಿಯದಿರಲಿ, ಹೆಮಟೋಕ್ರಿಟ್ 30ರ ಆಸುಪಾಸಿನಲ್ಲಿರಲಿ ಎಂಬ ಸೂಚನೆಗಳೂ ಅಲ್ಲೇ ಸಿಗುತ್ತವೆ. ಪ್ವಾಝೆಯ ನಿಯಮವನ್ನು ಮಾತ್ರ ನೆನಪಿಸುತ್ತೇನೆ. ಹರಿವು ನಾಳದ ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ, ತ್ರಿಜ್ಯ ಶೇ. 10 ಕಿರಿದಾದರೆ ಮೂರನೇ ಒಂದು ಪಾಲು ರಕ್ತ ಕಡಿಮೆ. ಒತ್ತಡ ಏರಿಸಲು ನಾಳ ಬಿಗಿಗೊಳಿಸುವ ಔಷಧ ಬೇಡವೆನ್ನುವ ನನ್ನ ಎದುರಾಳಿಗಳು ಆತುಕೊಳ್ಳುವುದು ಈ ಒಂದು ಸಾಲನ್ನೇ. ಅದೇ ಸೂತ್ರದಲ್ಲಿ ಒತ್ತಡಕ್ಕೂ ಜಾಗವಿದೆ ಎಂಬುದನ್ನು ಅವರು ಮರೆಯುತ್ತಾರೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆದವರು. ದವಡೆ, ಕೆನ್ನೆ ತೆಗೆದ ಜಾಗಕ್ಕೆ ಮುಂಗೈಯಿಂದಲೋ ತೊಡೆಯಿಂದಲೋ ಚರ್ಮ ತರುತ್ತಾರೆ. ಎರಡು ಮಿಲಿಮೀಟರಿನ ಆಸುಪಾಸಿನ ಅಪಧಮನಿಯನ್ನು ಕುತ್ತಿಗೆಯ ಅಪಧಮನಿಗೆ 9-0 ನೈಲಾನ್ ದಾರದಲ್ಲಿ ಹೊಲಿಯುತ್ತಾರೆ. ಕೊನೆಯ ಗಂಟು ಬಿದ್ದ ಮೇಲೆ ಪರದೆಯಾಚೆಯಿಂದ ಪ್ರಶ್ನೆ ಬರುತ್ತದೆ: "ಕ್ಲ್ಯಾಂಪ್ ಬಿಡ್ತಿದ್ದೀನಿ ಡಾಕ್ಟ್ರೇ, ಪ್ರೆಶರ್ ಎಷ್ಟಿದೆ?" ಬಿಳಿಚಿಕೊಂಡಿದ್ದ ಚರ್ಮ ನಿಧಾನಕ್ಕೆ ಗುಲಾಬಿಗೆ ತಿರುಗುತ್ತದೆ. ಅಂಚನ್ನು ಸೂಜಿಯಿಂದ ಚುಚ್ಚಿದರೆ ಕೆಂಪು ರಕ್ತ ಬರಬೇಕು. ಕಪ್ಪಾಗಿ, ಬೇಗ ಬೇಗ ಬಂದರೆ ಅಭಿಧಮನಿ ಕಟ್ಟಿದೆ ಎಂದರ್ಥ. ಏನೂ ಬಾರದಿದ್ದರೆ ಅಪಧಮನಿಯದೇ ತೊಂದರೆ.

ಇದೇ ಹೊತ್ತಿನಲ್ಲಿ ಒತ್ತಡ ಇಳಿದಿದ್ದರೆ ಏನು ಮಾಡಬೇಕು? ದೇಶದ ಅದೆಷ್ಟೋ ಥಿಯೇಟರ್‌ಗಳಲ್ಲಿ ಇವತ್ತಿಗೂ ಒಂದೇ ಉತ್ತರ: "ನಾರ್‌ಅಡ್ರಿನಲಿನ್ ಮಾತ್ರ ಬೇಡ, ಇನ್ನೊಂದು ಬಾಟಲ್ ಸಲೈನ್ ಏರಿಸಿ." ಈ ಕಟ್ಟಳೆಗೆ ಆಧಾರವಿಲ್ಲ, ಇದರಿಂದ ಫ್ಲ್ಯಾಪ್‌ಗೆ ಕೆಡುಕೇ ಹೆಚ್ಚು ಎಂಬುದು ನನ್ನ ವಾದ.

ಎದುರು ಪಕ್ಷದ ಮಾತಿಗೆ ತೂಕವಿಲ್ಲವೆಂದಲ್ಲ. ನಾರ್‌ಅಡ್ರಿನಲಿನ್ ನಾಳಗಳನ್ನು ಬಿಗಿಗೊಳಿಸುವ ಔಷಧ. ಫ್ಲ್ಯಾಪ್‌ನ ನರ ಕಡಿದಿದ್ದರೂ ನಾಳದ ಗೋಡೆಯ ಗ್ರಾಹಕಗಳು ಎಲ್ಲಿಗೂ ಹೋಗಿರುವುದಿಲ್ಲ, ರಕ್ತದಲ್ಲಿ ಹರಿದುಬಂದ ಔಷಧ ಅವುಗಳ ಮೇಲೆ ಕೆಲಸ ಮಾಡಿಯೇ ಮಾಡುತ್ತದೆ. ಆದರೆ ಇದು ಕುಳಿತು ಊಹಿಸಿದ ಶರೀರಶಾಸ್ತ್ರ. ಅಳೆದು ನೋಡಿದವರಿಗೆ ಕಂಡದ್ದು ಬೇರೆ. 1999ರಲ್ಲಿ ಬಾನಿಚ್, ಸಿಗುರ್ಡ್‌ಸನ್ ಮತ್ತು ಸಂಗಡಿಗರು ಹಂದಿಗಳ ಫ್ಲ್ಯಾಪ್‌ನಲ್ಲಿ ಹರಿವನ್ನು ಅಳೆದರು. ನೈಟ್ರೊಪ್ರುಸೈಡ್ ಕೊಟ್ಟು ನಾಳಗಳನ್ನು ಸಡಿಲಿಸಿ ಒತ್ತಡವನ್ನು ಶೇ. 30 ಇಳಿಸಿದಾಗ, ಹೃದಯ ಹೊಮ್ಮಿಸುವ ರಕ್ತ ಕಡಿಮೆಯಾಗದಿದ್ದರೂ ಫ್ಲ್ಯಾಪ್‌ಗೆ ಬರುವ ರಕ್ತ ತೀವ್ರವಾಗಿ ಕುಸಿಯಿತು. ಫೆನೈಲೆಫ್ರಿನ್ ಕೊಟ್ಟು ನಾಳ ಬಿಗಿಸಿ ಒತ್ತಡ ಏರಿಸಿದಾಗ ಹರಿವಿಗೆ ಹಾನಿಯಾಗಲಿಲ್ಲ. ನಾಳ ಹಿಗ್ಗಿದರೆ ರಕ್ತ ಹೆಚ್ಚು ಎಂಬ ನಂಬಿಕೆ ಅಲ್ಲಿಗೇ ಅಲುಗಾಡಬೇಕಿತ್ತು.

ಕಾರಣ ಮಂಡ್ಯದ ಕಡೆಯ ಯಾವ ರೈತರಿಗಾದರೂ ಗೊತ್ತು. ಮೇಲಿನ ತೂಬುಗಳನ್ನೆಲ್ಲ ತೆರೆದಿಟ್ಟರೆ ನಾಲೆಯ ಕೊನೆಯ ಗದ್ದೆಗೆ ನೀರು ಹತ್ತುವುದಿಲ್ಲ. ನರ ಕಡಿದ ಫ್ಲ್ಯಾಪ್‌ನ ನಾಳಗಳು ಆಗಲೇ ಹಿಗ್ಗಿರುತ್ತವೆ, ಇನ್ನು ಹಿಗ್ಗಲು ಅವಕಾಶ ಕಡಿಮೆ. ಉಳಿದ ಮೈಯ ನಾಳಗಳು ಹಿಗ್ಗಿದರೆ ರಕ್ತ ಅತ್ತ ಹೋಗುತ್ತದೆ. ಎಪಿಡ್ಯೂರಲ್ ಬಗ್ಗೆ ನನಗಿರುವ ಆಕ್ಷೇಪವೂ ಇದೇ. ಕಾಲಿನ ಫ್ಲ್ಯಾಪ್‌ಗೆ ಎಪಿಡ್ಯೂರಲ್ ಕೊಟ್ಟರೆ ನಾಳ ಹಿಗ್ಗಿ ಒಳ್ಳೆಯದಾಗುತ್ತದೆ ಎಂದು ನಾವೆಲ್ಲ ಓದಿದೆವು. ಹಂದಿಗಳಲ್ಲಿ ಅಳೆದ ತಂಡವೇ ಅದೇ ವರ್ಷ ರೋಗಿಗಳಲ್ಲಿ ಅಳೆದಾಗ ಫ್ಲ್ಯಾಪ್‌ನ ಸೂಕ್ಷ್ಮ ಹರಿವು ಇಳಿದಿತ್ತು. ನೋವು ಶಮನಕ್ಕೆ ಎಪಿಡ್ಯೂರಲ್ ಬಹಳ ಒಳ್ಳೆಯದು, ಒತ್ತಡ ಕಾಯ್ದುಕೊಳ್ಳುವವರು ಧಾರಾಳವಾಗಿ ಬಳಸಲಿ. ಫ್ಲ್ಯಾಪ್‌ಗೆ ರಕ್ತ ಹೆಚ್ಚಿಸಲೆಂದು ಬಳಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

"ಹಂದಿಯ ಮಾತು ಬಿಡಿ" ಎನ್ನುವವರಿಗೆ ಈಲಿ ಮತ್ತು ಸಂಗಡಿಗರ 2012ರ ಅಧ್ಯಯನವಿದೆ. ಫ್ರೀ ಫ್ಲ್ಯಾಪ್ ಆದ ರೋಗಿಗಳಿಗೆ ನಾಲ್ಕು ಔಷಧಗಳನ್ನು ಒಂದಾದ ಮೇಲೊಂದು ಕೊಟ್ಟು ಫ್ಲ್ಯಾಪ್‌ನ ಚರ್ಮದ ಹರಿವನ್ನು ಅಳೆದರು. ಎಲ್ಲಕ್ಕಿಂತ ಹೆಚ್ಚು ಸುಧಾರಿಸಿದ್ದು ನಾರ್‌ಅಡ್ರಿನಲಿನ್‌ನಲ್ಲಿ. 2018ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್‌ಸನ್ ಕ್ಯಾನ್ಸರ್ ಕೇಂದ್ರದವರು 5,000ಕ್ಕೂ ಹೆಚ್ಚು ಫ್ಲ್ಯಾಪ್‌ಗಳ ದಾಖಲೆ ತೆಗೆದು ನೋಡಿದರು. ಒತ್ತಡ ಏರಿಸುವ ಔಷಧ ಪಡೆದವರಲ್ಲಿ ಫ್ಲ್ಯಾಪ್ ಸೋಲು ಹೆಚ್ಚಿರಲಿಲ್ಲ. ಅದು ಹಳೆಯ ದಾಖಲೆಗಳ ಅಧ್ಯಯನ, ಪಕ್ಷಪಾತವಿರಬಹುದು ಎನ್ನುತ್ತಾರೆ. ಇರಬಹುದು, ಆದರೆ ಯಾವ ಕಡೆಗೆ? ಸಾಮಾನ್ಯವಾಗಿ ಈ ಔಷಧ ಬೀಳುವುದು ಹೆಚ್ಚು ಬಳಲಿದವರಿಗೆ. ಪಕ್ಷಪಾತವಿದ್ದರೆ ಔಷಧಕ್ಕೆ ಕೆಟ್ಟ ಹೆಸರು ಬರಬೇಕಿತ್ತು, ಬರಲಿಲ್ಲ.

ಎದುರು ಪಕ್ಷದವರ ಒಂದು ಮಾತನ್ನು ಮಾತ್ರ ತಲೆಬಾಗಿ ಒಪ್ಪುತ್ತೇನೆ. ರಕ್ತವೋ ದ್ರವವೋ ಕೊರತೆಯಾಗಿರುವಾಗ ನಾರ್‌ಅಡ್ರಿನಲಿನ್ ಕೊಟ್ಟರೆ ಮಾನಿಟರ್‌ನಲ್ಲಿ ಒತ್ತಡ ಚೆನ್ನಾಗಿ ಕಾಣುತ್ತದೆ, ಒಳಗೆ ಅಂಗಾಂಶ ಹಸಿದಿರುತ್ತದೆ. ಆದ್ದರಿಂದ ಆರ್ಟೀರಿಯಲ್ ಲೈನ್‌ನ ಅಲೆಯ ಏರಿಳಿತ, ಲ್ಯಾಕ್ಟೇಟ್, ಮೂತ್ರ ಇವನ್ನು ನೋಡಿ ಕೊರತೆ ತುಂಬಿದ ಮೇಲೆಯೇ ಔಷಧ. ಹಾಗೆಂದು ಕೊರತೆಯಿಲ್ಲದವರಿಗೆ ಬಾಟಲ್ ಮೇಲೆ ಬಾಟಲ್ ಹರಿಸಬಾರದು. ಫ್ಲ್ಯಾಪ್‌ನ ದುಗ್ಧನಾಳಗಳು ಕಡಿದುಹೋಗಿರುತ್ತವೆ. ಸೋರಿದ ನೀರು ಹೊರಹೋಗಲಾರದೆ ಫ್ಲ್ಯಾಪ್ ಊದಿಕೊಂಡು ತನ್ನ ಅಭಿಧಮನಿಯನ್ನೇ ಒತ್ತುತ್ತದೆ. ಕಟ್ಟಿಕೊಳ್ಳುವುದರಲ್ಲಿ ಅಭಿಧಮನಿಯದೇ ಮೇಲುಗೈ ಎಂಬುದು ಇಲ್ಲಿರುವ ಸರ್ಜನ್ನರಿಗೆ ಗೊತ್ತೇ ಇದೆ.

ಇನ್ನು ನಮ್ಮದೇ ಥಿಯೇಟರ್‌ನ ಅರಿವಳಿಕೆ ಚಾರ್ಟ್‌ಗಳಲ್ಲಿ ನಾನು ಕಂಡದ್ದು. ಒತ್ತಡ ಹೆಚ್ಚಾಗಿ ಬೀಳುವುದು ಕ್ಯಾನ್ಸರ್ ಗಡ್ಡೆ ತೆಗೆಯುವಾಗಲ್ಲ, ಸರ್ಜನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹೊಲಿಯುವ ಆ ನಿಶ್ಚಲ ಗಂಟೆಗಳಲ್ಲಿ. ಅಲ್ಲಿ ನೋವಿನ ಪ್ರಚೋದನೆ ಕಡಿಮೆ. ಗಡ್ಡೆ ತೆಗೆಯುವಾಗ ಇಟ್ಟ ಪ್ರಮಾಣದಲ್ಲೇ ಸೆವೊಫ್ಲುರೇನೋ ಪ್ರೊಪೊಫಾಲೋ ಮುಂದುವರಿದರೆ ಅರಿವಳಿಕೆ ಬೇಡದಷ್ಟು ಆಳವಾಗುತ್ತದೆ, ನಾಳಗಳು ಸಡಿಲಾಗುತ್ತವೆ. ಆ ಇಳಿತವನ್ನು ದ್ರವದ ಕೊರತೆಯೆಂದು ಓದಿ ಸಲೈನ್ ಏರಿಸಿದ ಚಾರ್ಟ್‌ಗಳು ಒಂದರ ಹಿಂದೊಂದು ಸಿಕ್ಕವು. ಸೆವೊಫ್ಲುರೇನ್ ಮೇಲೋ ಪ್ರೊಪೊಫಾಲ್ ಮೇಲೋ ಎಂದು ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಕಾದಾಡುತ್ತೇವೆ. ಆ ಆಯ್ಕೆಗಿಂತ, ಹೊಲಿಗೆಯ ಹೊತ್ತಿಗೆ ಪ್ರಮಾಣ ಇಳಿಸಿದೆವೇ ಎಂಬ ಪ್ರಶ್ನೆ ಫ್ಲ್ಯಾಪ್‌ಗೆ ಹತ್ತಿರದ್ದು ಎಂದು ನನ್ನ ದೃಢ ಅಭಿಪ್ರಾಯ. ಮೊದಲು ಮೆದುಳಿನ ಅಲೆಯ ಮಾನಿಟರ್ ನೋಡಿ ಅರಿವಳಿಕೆ ಹಗುರ ಮಾಡಿ. ಒತ್ತಡ ಆಗಲೂ ಏರದಿದ್ದರೆ ಸಣ್ಣ ಪ್ರಮಾಣದ ನಾರ್‌ಅಡ್ರಿನಲಿನ್ ಶುರು ಮಾಡಿ.

ಗುರುಗಳು ಇದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದು ವಾದಕ್ಕಿಳಿಯುತ್ತಿದ್ದರು, ಆ ಕಾಲದ ಸರ್ಜನ್ನರಿಗೆಲ್ಲ ಈ ಔಷಧದ ಭಯವಿತ್ತು. ಆದರೆ ಅಳೆದ ಅಂಕಿ ಮುಂದಿಟ್ಟರೆ ಅವರು ಕೇಳುತ್ತಿದ್ದರು. ಅವರ ಶಿಷ್ಯರಾದ ಸರ್ಜನ್ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ನಾಳೆಯಿಂದ ಆಪರೇಷನ್ ಸೂಚನೆಯ ಹಾಳೆಯಲ್ಲಿ "ನಾರ್‌ಅಡ್ರಿನಲಿನ್ ಬೇಡ" ಎಂದು ಬರೆಯುವ ಜಾಗದಲ್ಲಿ, ಕ್ಲ್ಯಾಂಪ್ ಬಿಡುವಾಗ ನಿಮಗೆ ಎಷ್ಟು ಒತ್ತಡ ಬೇಕು ಎಂಬ ಸಂಖ್ಯೆಯನ್ನು ಬರೆಯಿರಿ. ಅದನ್ನು ಹೇಗೆ ತಂದುಕೊಡುವುದು ಎಂಬುದನ್ನು ಪರದೆಯ ಈ ಕಡೆ ಕುಳಿತ ನಮಗೆ ಬಿಡಿ.