ಯೋಗ್ಯತೆ ತಪ್ಪಿದ ವಾಕ್ಯಗಳು



ಈ ಉಪನ್ಯಾಸ ಮಾಲೆಯಲ್ಲಿ ನನ್ನ ಪಾಲಿಗೆ ಬಂದಿರುವ ವಿಷಯವು ಮೇಲ್ನೋಟಕ್ಕೆ ಲಘುವಾದದ್ದು: ಬೀದಿಯ ಫಲಕಗಳಲ್ಲಿಯೂ, ಕೊಂಡ ವಸ್ತುಗಳೊಡನೆ ಬರುವ ಬಳಕೆಯ ಸೂಚನೆಗಳಲ್ಲಿಯೂ, ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟುವಾಗ ಅರ್ಥವು ಕಾಲುಜಾರಿ ನಗೆಗೆಡೆಯಾದ ಪ್ರಸಂಗಗಳು. ಅವನ್ನು ಓದಿ ನಗುವುದು ಸಹಜವೇ ಸರಿ. ಆದರೆ ಅಕ್ಷರ ಬಲ್ಲವರು ಬರೆದು, ಅಧಿಕಾರಿಗಳು ಒಪ್ಪಿ, ಹಣ ತೆತ್ತು ನೆಡಿಸಿದ ಫಲಕವೊಂದು ಅಂಥ ವಿಪರೀತಾರ್ಥವನ್ನು ಹೊತ್ತು ಹಗಲಿರುಳು ನಿಲ್ಲುವುದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಯು ನಗೆಯಡಗಿದ ಮೇಲೆಯೂ ಉಳಿಯುತ್ತದೆ.

ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ನಮ್ಮ ತರ್ಕಶಾಸ್ತ್ರದ ಒಂದು ಪರಿಭಾಷೆಯೇ ಸಾಕೆಂದು ನನಗೆ ತೋರುತ್ತದೆ. ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ತಾರ್ಕಿಕರು ಹೇಳುವರು. ಯೋಗ್ಯತೆಯಿಲ್ಲದ ವಾಕ್ಯಕ್ಕೆ ಅವರು ಕೊಡುವ ನಿದರ್ಶನ ‘ಬೆಂಕಿಯಿಂದ ತೋಯಿಸುತ್ತಾನೆ’ ಎಂಬುದು. ಅದರಲ್ಲಿ ವ್ಯಾಕರಣದೋಷವೇನೂ ಇಲ್ಲ, ಪದಗಳೂ ಪರಸ್ಪರ ಸಮೀಪದಲ್ಲಿಯೇ ಇವೆ. ಬೆಂಕಿಗೆ ತೋಯಿಸುವ ಸಾಮರ್ಥ್ಯವಿಲ್ಲವೆಂಬ ಲೋಕಜ್ಞಾನ ಮಾತ್ರವೇ ಅದನ್ನು ತಡೆಯತಕ್ಕದ್ದು. ಆ ತಡೆಯನ್ನು ನಿಘಂಟು ಒಡ್ಡಲಾರದು, ವ್ಯಾಕರಣವೂ ಒಡ್ಡಲಾರದು. ಎರಡನೆಯ ಭಾಷೆಯಲ್ಲಿ ಬದುಕಿದ ಒಬ್ಬ ಓದುಗನು ಮಾತ್ರ ಒಡ್ಡಬಲ್ಲನು. ನಾನು ಇಂದು ಹೇಳಹೊರಟಿರುವ ಪ್ರಸಂಗಗಳಲ್ಲೆಲ್ಲ ಆ ಓದುಗನಿಗೆ ಸ್ಥಾನವಿಲ್ಲದೆ ಹೋದದ್ದೇ ಮೂಲಕಾರಣವಾಗಿ ಕಂಡುಬರುವುದು.

ಇಂಥ ಅವಾಂತರಗಳಿಗೆಲ್ಲ ಹಿರಿಯಣ್ಣನೆನ್ನಬಹುದಾದ ಗ್ರಂಥವೊಂದು 1855ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಪೋರ್ಚುಗೀಸರಿಗೆ ಇಂಗ್ಲಿಷ್ ಸಂಭಾಷಣೆಯನ್ನು ಕಲಿಸುವ ಉದ್ದೇಶದ ಆ ಕೈಪಿಡಿಯ ಮುಖಪುಟದಲ್ಲಿ ಜೋಸೆ ದ ಫೊನ್ಸೆಕ, ಪೆದ್ರು ಕರೊಲಿನು ಎಂಬ ಇಬ್ಬರ ಹೆಸರುಗಳಿದ್ದುವು. ಫೊನ್ಸೆಕನು ಮೊದಲೇ ರಚಿಸಿದ್ದ ಫ್ರೆಂಚ್-ಪೋರ್ಚುಗೀಸ್ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು, ಇಂಗ್ಲಿಷನ್ನು ಸರಿಯಾಗಿ ಅರಿಯದ ಕರೊಲಿನು ಫ್ರೆಂಚ್-ಇಂಗ್ಲಿಷ್ ನಿಘಂಟಿನ ನೆರವಿನಿಂದ ಇದನ್ನು ಕಟ್ಟಿದನೆಂದು ವಿದ್ವಾಂಸರ ಊಹೆ. ಬಾಗಿಲಲ್ಲಿ ಬಹುಕಾಲ ಕಾದುನಿಲ್ಲುವುದೆಂಬ ಅರ್ಥದ ಫ್ರೆಂಚ್ ನುಡಿಗಟ್ಟೊಂದು ಅವನ ಕೈಯಲ್ಲಿ ಪುಟ್ಟ ಕೋತಿಯೊಂದನ್ನು ಕಟಕಟನೆ ಅಗಿಯುವ ಮಾತಾಗಿ ಪರಿಣಮಿಸಿತು. 1883ರಲ್ಲಿ ಇದರ ಅಮೆರಿಕನ್ ಮುದ್ರಣಕ್ಕೆ ಮಾರ್ಕ್ ಟ್ವೇನ್ ಮುನ್ನುಡಿ ಬರೆದನು. ಪಾಠ ಹೇಳಲು ಹೊರಟ ಪುಸ್ತಕವು ಆಂಗ್ಲರ ವಿನೋದಗ್ರಂಥವಾಗಿ ಚಿರಾಯುವಾಯಿತಾದರೂ, ಅದನ್ನು ನಂಬಿ ಕಲಿತ ಪೋರ್ಚುಗೀಸ್ ವಿದ್ಯಾರ್ಥಿಯು ಲಂಡನ್ನಿನ ಬೀದಿಯಲ್ಲಿ ಪಟ್ಟಿರಬಹುದಾದ ಪಾಡನ್ನು ನೆನೆದರೆ ನನಗೆ ಮರುಕವಾಗುತ್ತದೆ.

ನಮ್ಮ ಕಾಲದಲ್ಲಿ ಈ ನಗೆಯ ಬಹುಭಾಗವನ್ನು ಹೊತ್ತಿರುವುದು ಚೀನಾ ದೇಶ. 2008ರ ಒಲಿಂಪಿಕ್ ಕ್ರೀಡೋತ್ಸವಕ್ಕೆ ಅಣಿಯಾಗುತ್ತಿದ್ದ ಬೀಜಿಂಗ್ ನಗರವು ತನ್ನ ಇಂಗ್ಲಿಷ್ ಫಲಕಗಳನ್ನು ತಿದ್ದುವ ದೊಡ್ಡ ಕಾರ್ಯವನ್ನೇ ಕೈಗೊಂಡಿತು. ಅಲ್ಪಸಂಖ್ಯಾತ ಜನಾಂಗಗಳ ಸಂಸ್ಕೃತಿಯನ್ನು ತೋರಿಸುವ ಉದ್ಯಾನವೊಂದಕ್ಕೆ ದಾರಿ ತೋರುವ ಫಲಕವು ಅದನ್ನು ಜನಾಂಗದ್ವೇಷಿಗಳ ಉದ್ಯಾನವೆಂದು ಸಾರುತ್ತಿದ್ದಿತು. ಆದರೆ ನನ್ನನ್ನು ಬಹುವಾಗಿ ಆಕರ್ಷಿಸಿದ್ದು, ಚೀನಾದ ಎಷ್ಟೋ ಕಡೆ ಒದ್ದೆನೆಲದ ಬಳಿ ಕಾಣುವ, ‘ಎಚ್ಚರಿಕೆಯಿಂದ ಜಾರಿರಿ’ ಎಂದು ಇಂಗ್ಲಿಷಿನಲ್ಲಿ ಅತಿಥಿಗಳನ್ನು ಪ್ರಾರ್ಥಿಸುವ ಫಲಕ. ಇದರ ಮೂಲವಾಕ್ಯದಲ್ಲಿರುವುದು ನಾಲ್ಕೇ ಲಿಪಿಚಿಹ್ನೆಗಳು. ಚೀನೀ ಬರವಣಿಗೆಯಲ್ಲಿ ಪದಪದಗಳ ನಡುವೆ ತೆರಪು ಬಿಡುವ ಪದ್ಧತಿಯಿಲ್ಲ. ಮೊದಲೆರಡು ಚಿಹ್ನೆಗಳಿಗೆ ‘ಎಚ್ಚರಿಕೆ’ ಎಂದೂ ಕೊನೆಯದಕ್ಕೆ ‘ಜಾರು’ ಎಂದೂ ಅರ್ಥ. ಮೂರನೆಯದನ್ನು ‘ದಿ’ ಎಂದು ಓದಿದರೆ ಅದು ನೆಲ, ‘ದ’ ಎಂದು ಓದಿದರೆ ಹಿಂದಿನ ಮಾತನ್ನು ಕ್ರಿಯಾವಿಶೇಷಣವಾಗಿಸುವ ಪ್ರತ್ಯಯ. ಎರಡರ ಮುಂದೆ ಕಡಿದರೆ ‘ಎಚ್ಚರಿಕೆ, ನೆಲ ಜಾರುತ್ತದೆ’. ಮೂರರ ಮುಂದೆ ಕಡಿದರೆ ‘ಎಚ್ಚರಿಕೆಯಿಂದ ಜಾರು’. ಹಳಗನ್ನಡದ ಚಂಪುವೊಂದನ್ನು ಗುರುಮುಖೇನ ಓದಿದವರಿಗೆ ಇದು ಅಪರಿಚಿತವಾದ ತೊಡಕಲ್ಲ: ಪದಚ್ಛೇದವಾಗದೆ ಅನ್ವಯವಿಲ್ಲ, ಅನ್ವಯವಾಗದೆ ಅರ್ಥವಿಲ್ಲವೆಂದು ನಮ್ಮ ಪಂಡಿತರು ಪದ್ಯಕ್ಕೆ ಕೈಹಚ್ಚುವ ಮೊದಲೇ ಅದನ್ನು ಬಿಡಿಸಿಡುತ್ತಿದ್ದುದು ಈ ಕಾರಣದಿಂದಲೇ ಅಲ್ಲವೆ! ಚೀನೀಯನೊಬ್ಬನು ಆ ಫಲಕವನ್ನು ತಪ್ಪಾಗಿ ಓದಲಾರನು. ಒದ್ದೆನೆಲದ ಮೇಲೆ ಜಾರೆಂದು ಯಾರೂ ಯಾರಿಗೂ ಹೇಳರೆಂಬ ಅರಿವು ಅವನ ಕಣ್ಣಿಗಿಂತ ಮುಂದಾಗಿ ಓಡಿ ಸರಿಯಾದೆಡೆಯಲ್ಲಿ ಪದವನ್ನು ಕಡಿಯುವುದು.

ಇನ್ನೊಂದು ದೃಷ್ಟಾಂತವನ್ನು ಸಭ್ಯತೆಯ ಮಿತಿಯೊಳಗೇ ಹೇಳಬೇಕಾಗಿದೆ. 1956ರಲ್ಲಿ ಪ್ರಕಟವಾದ ಲಿಪಿ ಸರಳೀಕರಣದ ಯೋಜನೆಯು, ‘ಒಣಗಿದ್ದು’ ಎಂಬರ್ಥದ ಚಿಹ್ನೆಯನ್ನೂ ‘ಮಾಡು’ ಎಂಬರ್ಥದ ಚಿಹ್ನೆಯನ್ನೂ ಮೂರೇ ಗೆರೆಗಳ ಒಂದು ರೂಪದಲ್ಲಿ ಕೂಡಿಸಿಬಿಟ್ಟಿತು. ‘ಮಾಡು’ ಎಂಬುದಕ್ಕೆ ಆಡುಮಾತಿನಲ್ಲಿ ಅಶ್ಲೀಲವಾದ ಅರ್ಥವೂ ಉಂಟು. ಅನುವಾದದ ಯಂತ್ರವು ಆ ಅರ್ಥವನ್ನೇ ಆಯ್ದುಕೊಂಡುದರಿಂದ, ಒಣಹಣ್ಣು, ಒಣದಿನಸು ಮಾರುವ ಮಳಿಗೆಗಳ ಮೇಲೆಲ್ಲ ಉಚ್ಚರಿಸಲಾಗದ ಇಂಗ್ಲಿಷ್ ಶಬ್ದವು ದೊಡ್ಡಕ್ಷರಗಳಲ್ಲಿ ರಾರಾಜಿಸಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚೀನೀ ಭಾಷಾ ವಿದ್ವಾಂಸ ವಿಕ್ಟರ್ ಮೇರ್ ಅವರು ಈ ಗಂಟನ್ನು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಆ ಫಲಕಗಳ ಚಿತ್ರವನ್ನು ಕಂಡು ನಗುವವರಲ್ಲಿ ಎಷ್ಟೋ ಮಂದಿಗೆ ಚೀನೀ ಭಾಷೆಯ ಒಂದಕ್ಷರವೂ ಬಾರದು. ಅಂಗಡಿಯವನಾದರೋ ಪರಕೀಯನಿಗೆ ಉಪಕಾರವಾಗಲೆಂದು ತನ್ನ ಶಕ್ತಿ ಮೀರಿ ಯತ್ನಿಸಿದವನು. ನಗೆಯು ಅವನ ಮೇಲೆ ಬೀಳುವುದು ನ್ಯಾಯವೆಂದು ನಾನು ಒಪ್ಪಲಾರೆ. 2017ರಲ್ಲಿ ಆ ದೇಶದ ಸರಕಾರವು ಸಾರ್ವಜನಿಕ ಸೇವೆಗಳ ಇಂಗ್ಲಿಷಿಗಾಗಿ ರಾಷ್ಟ್ರೀಯ ಮಾನಕವನ್ನೇ ಜಾರಿಗೆ ತಂದಿತು.

ಯಂತ್ರವಿಲ್ಲದೆಯೂ ಇಂಥ ಅವಾಂತರ ನಡೆಯಬಲ್ಲದೆಂಬುದಕ್ಕೆ ವೇಲ್ಸ್ ನಾಡು ಸಾಕ್ಷಿ. 2008ರಲ್ಲಿ ಸ್ವಾನ್ಸೀ ನಗರದ ಆಡಳಿತದವರು, ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂಬ ಇಂಗ್ಲಿಷ್ ವಾಕ್ಯವನ್ನು ವೆಲ್ಷ್ ಭಾಷೆಗೆ ತಿರುಗಿಸಿಕೊಡಲು ಅನುವಾದಕರಿಗೆ ಮಿಂಚಂಚೆ ಕಳುಹಿಸಿದರು. ಒಡನೆಯೇ ವೆಲ್ಷ್ ಭಾಷೆಯಲ್ಲಿ ಉತ್ತರವೂ ಬಂದಿತು. ಅದನ್ನು ಫಲಕಕ್ಕೇರಿಸಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದರು. ಅದರಲ್ಲಿದ್ದುದಾದರೋ, ‘ನಾನು ಈಗ ಕಚೇರಿಯಲ್ಲಿಲ್ಲ, ಅನುವಾದಿಸಬೇಕಾದ್ದನ್ನು ಕಳುಹಿಸಿರಿ’ ಎಂಬ, ತಾನೇ ತಾನಾಗಿ ಹೊರಡುವ ಉತ್ತರ. ಈ ಕಥೆಯನ್ನು ಕೇಳಿ ನಕ್ಕು ಮುಂದೆ ಸಾಗುವವರು ಅದರ ಹಿಂದಿನ ಚರಿತ್ರೆಯನ್ನು ತಿಳಿಯಬೇಕು. 1962ರಲ್ಲಿ ಸ್ಥಾಪಿತವಾದ ವೆಲ್ಷ್ ಭಾಷಾ ಸಂಘದ ತರುಣರು, ತಮ್ಮ ಊರುಗಳ ದಾರಿಗಳಲ್ಲಿ ತಮ್ಮ ನುಡಿಯೂ ಇರಬೇಕೆಂದು ಹಠತೊಟ್ಟು, ಇಂಗ್ಲಿಷ್ ಫಲಕಗಳಿಗೆ ಹಸುರು ಬಣ್ಣ ಬಳಿದರು, ಕೆಲವನ್ನು ಕಿತ್ತರು, ಸೆರೆಮನೆಗೂ ಹೋದರು. 1972ರಲ್ಲಿ ಸರಕಾರದ ಸಮಿತಿಯೊಂದು ದ್ವಿಭಾಷಾ ಫಲಕಗಳನ್ನು ಅನುಮೋದಿಸಿತು. 1993ರ ಶಾಸನವು ಸಾರ್ವಜನಿಕ ಸಂಸ್ಥೆಗಳು ಎರಡು ಭಾಷೆಗಳನ್ನೂ ಸಮಾನವಾಗಿ ಕಾಣತಕ್ಕದ್ದೆಂದು ವಿಧಿಸಿತು. ಅಷ್ಟು ಕಷ್ಟದಿಂದ ಸಂಪಾದಿಸಿದ ಅಂಗೈಯಗಲದ ಸ್ಥಳದಲ್ಲಿ, ವೆಲ್ಷ್ ಬಲ್ಲವನು ಕಚೇರಿಯಲ್ಲಿಲ್ಲವೆಂಬ ಸಮಾಚಾರವೇ ಬಂದು ಕುಳಿತಿತು! ಕಾನೂನು ಕೇಳಿದ್ದು ವೆಲ್ಷ್ ಅಕ್ಷರಗಳನ್ನು. ಅವನ್ನು ಓದಬಲ್ಲ ಕಣ್ಣುಗಳು ಫಲಕದ ಹಾದಿಯಲ್ಲಿ ಎಲ್ಲಿಯೂ ಎದುರಾಗಲಿಲ್ಲ.

ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನು, ನಾಮಫಲಕದ ಶೇಕಡಾ 60ರಷ್ಟು ಕನ್ನಡದಲ್ಲಿರಬೇಕೆಂದು ಗೊತ್ತುಮಾಡಿದೆ. ಅದು ಅವಶ್ಯವಾಗಿದ್ದಿತೆಂದೇ ನನ್ನ ದೃಢವಾದ ಅಭಿಪ್ರಾಯ. ಆದರೆ ವಿಸ್ತೀರ್ಣವನ್ನು ಅಳೆಯುವ ಅಧಿಕಾರಿಯ ಕೈಯಲ್ಲಿ ಶುದ್ಧಿಯನ್ನು ಅಳೆಯುವ ಕೋಲಿಲ್ಲ, ಒತ್ತಕ್ಷರವು ಕಳಚಿ ಪಕ್ಕಕ್ಕೆ ಬಿದ್ದ ಫಲಕವೂ ಲೆಕ್ಕಕ್ಕೆ ಸರಿಹೋಗಿಬಿಡುತ್ತದೆ. ಅದೇ ವರ್ಷ ಕೊಡಗಿನ ರಸ್ತೆಬದಿಯ ಫಲಕವೊಂದು ನಾಡಿಗೆಲ್ಲ ಪರಿಚಿತವಾಯಿತು: ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಸೊಗಸಾದ ಕನ್ನಡದ ಜೊತೆಯಲ್ಲಿ, ತುರ್ತಾಗಿ ಅಪಘಾತವೊಂದನ್ನು ಮಾಡೆಂಬ ಧ್ವನಿಯ ಇಂಗ್ಲಿಷ್.

ಫಲಕದ ತಪ್ಪು ನಗಿಸಿ ಸುಮ್ಮನಾದೀತು. ವಸ್ತುವಿನೊಡನೆ ಬರುವ ಸೂಚನೆಯ ತಪ್ಪು ಹಾಗಲ್ಲ. 1971ರ ಕೀಟನಾಶಕ ನಿಯಮಗಳ ಮೇರೆಗೆ, ಪ್ರತಿಯೊಂದು ಡಬ್ಬಿಯ ಚೀಟಿಯೂ ಮಡಿಕೆಪತ್ರವೂ ಹಿಂದಿ ಇಂಗ್ಲಿಷುಗಳಲ್ಲದೆ ಆಯಾ ಪ್ರದೇಶದ ಭಾಷೆಯಲ್ಲಿಯೂ ಇರತಕ್ಕದ್ದು. ನಮ್ಮ ರೈತನು ‘ಔಷಧಿ ಹೊಡೆಯುವುದು’ ಎನ್ನುವಲ್ಲಿ ಅನುವಾದಕನು ‘ಸಿಂಪಡಣಾ ಕ್ರಮ’ ಎನ್ನುವನೆಂಬುದು ಚಿಕ್ಕ ಸಂಗತಿ. ದೊಡ್ಡದಾದ ತೊಡಕು ನಮ್ಮ ವಾಕ್ಯದ ಸ್ವಭಾವದಲ್ಲಿಯೇ ಇದೆ: ಇಂಗ್ಲಿಷಿನ ನಿಷೇಧವು ವಾಕ್ಯದ ಬಾಗಿಲಲ್ಲಿಯೇ ನಿಂತು ತಡೆದರೆ, ಕನ್ನಡದ ನಿಷೇಧವು ಎಲ್ಲವನ್ನೂ ಹೇಳಿಯಾದ ಮೇಲೆ ಹಿತ್ತಿಲಲ್ಲಿ ಎದುರಾಗುತ್ತದೆ. ‘ಖಾಲಿ ಡಬ್ಬಿಯನ್ನು ಕುಡಿಯುವ ನೀರು ತುಂಬಲು ಬಳಸ’ ಎಂಬಲ್ಲಿಗೆ ಸಾಲು ಮುಗಿದು, ‘ಬಾರದು’ ಎಂಬುದು ಕಾಗದದ ಮಡಿಕೆಯಲ್ಲಿ ಸವೆದುಹೋದರೆ ಉಳಿಯುವುದು ವಿಷದ ಡಬ್ಬಿಯಲ್ಲಿ ನೀರು ತುಂಬುವ ಉಪದೇಶ. ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಹೊಯ್ಯುವವನಿಗೆ ಈ ಎಚ್ಚರ ಹುಟ್ಟುವಂತಿಲ್ಲ. ಹೊಲದ ಬದುವಿನಲ್ಲಿ ಕುಳಿತು ಗಟ್ಟಿಯಾಗಿ ಓದಿಸಿ ಕೇಳಿದವನು, ‘ಬೇಡಿ’ ಎಂಬುದನ್ನು ಯಾವ ಸಾಲಿನಲ್ಲಿ ಇಡಬೇಕೆಂದು ಅರಿತಾನು.

ಕನ್ನಡದ ಪದಕ್ರಮವು ಯಂತ್ರವನ್ನೂ ಎಡವಿಸಿದ್ದುಂಟು. 2025ರ ಜುಲೈ ತಿಂಗಳಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯು ಕನ್ನಡದಲ್ಲಿ ಪ್ರಕಟವಾಯಿತು. ಮೆಟಾ ಸಂಸ್ಥೆಯ ಅನುವಾದಯಂತ್ರವು ಕರ್ತೃಪದದ ಬೆನ್ನಿಗೇ ಬಂದ ‘ನಿನ್ನೆ ನಿಧನರಾದ’ ಎಂಬ ಕೃದಂತ ವಿಶೇಷಣವನ್ನು, ಅದು ಮುಂದಿನ ಹೆಸರಿಗೆ ಸಲ್ಲತಕ್ಕದ್ದೆಂದರಿಯದೆ ಹಿಂದಿನದಕ್ಕೆ ಅಂಟಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರೆಂದು ಇಂಗ್ಲಿಷಿನಲ್ಲಿ ಸಾರಿತು. ಶ್ರದ್ಧಾಂಜಲಿ ಸಲ್ಲಿಸಿದವರೇ ದಿವಂಗತರೆನ್ನುವ ವಾಕ್ಯಕ್ಕೆ ಯೋಗ್ಯತೆಯಿಲ್ಲವೆಂದು ಕನ್ನಡದ ಯಾವ ಬಾಲಕನೂ ಹೇಳಬಲ್ಲನು. ಸಂಸ್ಥೆಯು ಕ್ಷಮೆ ಕೋರಿತು. ಕನ್ನಡದ ಸ್ವಯಂಚಾಲಿತ ಅನುವಾದವು ವಿಶ್ವಾಸಾರ್ಹವಾಗುವವರೆಗೆ ಅದನ್ನು ನಿಲ್ಲಿಸಿರೆಂದೂ, ತಿದ್ದುವ ಕಾರ್ಯದಲ್ಲಿ ಕನ್ನಡ ಭಾಷಾತಜ್ಞರನ್ನು ಸೇರಿಸಿಕೊಳ್ಳಿರೆಂದೂ ಮುಖ್ಯಮಂತ್ರಿಗಳು ಬರೆದರು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚಿತವಾದದ್ದು ಮೊದಲನೆಯ ಬೇಡಿಕೆ. ನಮ್ಮಂಥ ಸಂಘಗಳು ಹಿಡಿದು ನಿಲ್ಲಬೇಕಾದದ್ದು ಎರಡನೆಯದು.